ಜೇಬಿನಲ್ಲಿ ಹೊತ್ತೊಯ್ಯುವ ಲಿನಕ್ಸ್

ಪವರ್ ಗುಂಡಿ ಒತ್ತಿದ ಕ್ಷಣದಲ್ಲಿ ಕಂಪ್ಯೂಟರಿಗೆ ವಿಂಡೋಸೂ ಗೊತ್ತಿಲ್ಲ, ಲಿನಕ್ಸೂ ಗೊತ್ತಿಲ್ಲ. ಮದರ್‌ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಮೊದಲು ಏಳುತ್ತದೆ. ಮೆಮೊರಿ, ಕೀಬೋರ್ಡು, ಡಿಸ್ಕುಗಳನ್ನು ಪರೀಕ್ಷಿಸಿಕೊಂಡು, ಮುಂದಿನ ಕೆಲಸವನ್ನು ಯಾರಿಗೆ ಒಪ್ಪಿಸಬೇಕೆಂದು ಹುಡುಕತೊಡಗುತ್ತದೆ. ಆಗ ಅದಕ್ಕೆ ತಕ್ಕ ಯುಎಸ್‌ಬಿ ಡ್ರೈವ್ ಸಿಕ್ಕರೆ ಸಾಕು, ಒಳಗಿನ ಡಿಸ್ಕಿನ ಹಂಗಿಲ್ಲದೆ ಇಡೀ ಕಾರ್ಯಾಚರಣಾ ವ್ಯವಸ್ಥೆ ಅಲ್ಲಿಂದಲೇ ಎದ್ದು ನಿಲ್ಲುತ್ತದೆ.

ಜರ್ಮನಿಯ ಕ್ಲೌಸ್ ಕ್ನಾಪ್ಪರ್ 2000ರಲ್ಲಿ ಹೊರತಂದ ‘ಕ್ನಾಪಿಕ್ಸ್’, ಒಳಗಿನ ಡಿಸ್ಕಿನ ಹಂಗಿಲ್ಲದೆ ಲಿನಕ್ಸ್ ಓಡಿಸುವುದನ್ನು ಜನಪ್ರಿಯಗೊಳಿಸಿತು. ಸುಮಾರು 2 ಜಿಬಿಯಷ್ಟು ತಂತ್ರಾಂಶವನ್ನು ಸಂಕುಚಿಸಿ ಒಂದೇ ಸಿ.ಡಿ.ಯಲ್ಲಿ ಅಡಕಿದ್ದ ಅದು, ಅಲ್ಲಿಂದಲೇ ಓಡುತ್ತಿತ್ತು. ಇಂದಿನ ‘ಲೈವ್’ ಪೆನ್‌ಡ್ರೈವ್‌ಗಳೂ ಅದೇ ಬಗೆಯವು. ಸಂಕುಚಿತ ಮೂಲ ಕಡತವನ್ನು ಓದಲು ಮಾತ್ರ ಸಾಧ್ಯ. ನೀವು ಮಾಡಿದ ಬದಲಾವಣೆಗಳೆಲ್ಲ ರ್‍ಯಾಮ್‌ನಲ್ಲಿದ್ದು, ಯಂತ್ರ ಆರಿಸಿದೊಡನೆ ಅಳಿದುಹೋಗುತ್ತವೆ. ಕೆಟ್ಟ ಕಂಪ್ಯೂಟರಿನಿಂದ ಫೋಟೋ, ದಾಖಲೆಗಳನ್ನು ಉಳಿಸಿಕೊಳ್ಳಲು ಇದು ಧಾರಾಳ ಸಾಕು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು: ಡ್ರೈವನ್ನೇ ಹಾರ್ಡ್ ಡಿಸ್ಕ್ ಎಂದು ಭಾವಿಸಿ ಲಿನಕ್ಸನ್ನು ಪೂರ್ತಿ ಅನುಸ್ಥಾಪಿಸುವುದು. ಸ್ವಂತ ಲ್ಯಾಪ್‌ಟಾಪ್ ಕೊಳ್ಳಲಾಗದ ವಿದ್ಯಾರ್ಥಿ ಕೂಡ ಆಗ ಕಾಲೇಜು ಲ್ಯಾಬಿನಲ್ಲಾಗಲಿ ಗೆಳೆಯನ ಕೋಣೆಯಲ್ಲಾಗಲಿ, ಅನುಮತಿ ಇದ್ದರೆ, ತನ್ನದೇ ಕಂಪ್ಯೂಟರಿನಲ್ಲಿ ಕೆಲಸ ಮಾಡಬಹುದು. ಅವನ ಕಡತಗಳು, ಕಲಿಕೆಯ ಪ್ರೋಗ್ರಾಮುಗಳು, ಕನ್ನಡ ಕೀಲಿಮಣೆಯ ಜೋಡಣೆ ಎಲ್ಲವೂ ಅವನ ಜೇಬಿನಲ್ಲೇ ಇರುತ್ತವೆ.

ಇದಕ್ಕೆ ಎರಡು ಡ್ರೈವ್ ಬೇಕು. ಒಂದರಲ್ಲಿ ಇನ್‌ಸ್ಟಾಲರ್, ಇನ್ನೊಂದು ಲಿನಕ್ಸ್ ನೆಲೆಸಬೇಕಾದದ್ದು. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳು ಸುಲಭ. ತೊಡಕಿರುವುದು ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರ್ ಎಲ್ಲಿ ಕೂರುತ್ತದೆ ಎಂಬಲ್ಲಿ.

ಈಗಿನ ಯುಇಎಫ್‌ಐ ಫರ್ಮ್‌ವೇರ್ ತನ್ನಲ್ಲಿ ನೆಲೆಸಿದ ವ್ಯವಸ್ಥೆಗಳ ಹೆಸರು, ವಿಳಾಸಗಳನ್ನು ಮದರ್‌ಬೋರ್ಡಿನ ಶಾಶ್ವತ ಸ್ಮೃತಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ಡ್ರೈವನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಅಲ್ಲಿನ ಪಟ್ಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಹೀಗೆ ಹೊರಗಿನಿಂದ ಬಂದವರಿಗಾಗಿ ಯುಇಎಫ್‌ಐ ನಿಯಮ ಒಂದು ಸಾಮಾನ್ಯ ತಾಣವನ್ನು ಗೊತ್ತುಮಾಡಿದೆ: ಫ್ಯಾಟ್ ಮಾದರಿಯ ಪಾರ್ಟಿಷನ್ನಿನಲ್ಲಿ ‘ಇಎಫ್‌ಐ’ ಎಂಬ ಫೋಲ್ಡರು, ಅದರೊಳಗೆ ‘ಬೂಟ್’, ಅದರೊಳಗೆ ‘ಬೂಟ್‌ಎಕ್ಸ್64’ ಎಂಬ ಕಡತ. ಪರವೂರಿನವನನ್ನು ಅರಳಿಕಟ್ಟೆಯಲ್ಲಿ ಹುಡುಕುವಂತೆ, ಗುರುತಿಲ್ಲದ ಡ್ರೈವಿನಲ್ಲಿ ಫರ್ಮ್‌ವೇರ್ ನೋಡುವುದು ಅಲ್ಲಿಯೇ.

ಉಬುಂಟುವಿನ ಇನ್‌ಸ್ಟಾಲರ್ ಇಲ್ಲಿ ಬಹುಕಾಲ ಎಡವುತ್ತಿತ್ತು. ಬೂಟ್‌ಲೋಡರನ್ನು ಯುಎಸ್‌ಬಿ ಡ್ರೈವಿಗೇ ಹಾಕು ಎಂದು ಆರಿಸಿದರೂ, ಮೊದಲು ಕಂಡ ಇಎಫ್‌ಐ ಪಾರ್ಟಿಷನ್ನಿಗೆ, ಅಂದರೆ ಸಾಮಾನ್ಯವಾಗಿ ಒಳಗಿನ ಡಿಸ್ಕಿಗೆ, ಅದನ್ನು ಬರೆದುಬಿಡುತ್ತಿತ್ತು. ಆಗ ನಷ್ಟ ಎರಡೂ ಕಡೆ. ಡ್ರೈವ್ ಬೇರೆ ಯಂತ್ರದಲ್ಲಿ ಏಳುವುದಿಲ್ಲ. ಡ್ರೈವ್ ಕಿತ್ತ ಮೇಲೆ ಮನೆಯ ಕಂಪ್ಯೂಟರ್ ವಿಂಡೋಸ್ ಬದಲು ಆ ಬೂಟ್‌ಲೋಡರಿನ, ಅಂದರೆ ‘ಗ್ರಬ್’ನ, ಕಪ್ಪು ಪರದೆ ತೋರಿಸುತ್ತದೆ. ಒಳಗಿನ ಡಿಸ್ಕಿನ ಕೇಬಲ್ ಬಿಚ್ಚಿಟ್ಟು ಅನುಸ್ಥಾಪಿಸುವುದು ಎಲ್ಲಕ್ಕಿಂತ ಸುರಕ್ಷಿತ. ಅದಾಗದಿದ್ದರೆ ಆಮೇಲೆ ಗ್ರಬ್ ಅಳವಡಿಸುವ ಆಜ್ಞೆಯನ್ನು ‘ರಿಮೂವಬಲ್’ ಎಂಬ ಸೂಚನೆಯೊಂದಿಗೆ ಮತ್ತೊಮ್ಮೆ ಓಡಿಸಬೇಕು. ಅದು ಕಡತವನ್ನು ಡ್ರೈವಿನ ಆ ಸಾಮಾನ್ಯ ತಾಣದಲ್ಲೇ ಇಡುತ್ತದೆ.

ಮುಂದಿನದು ಸಲೀಸು. ಗ್ರಬ್ ಲಿನಕ್ಸಿನ ತಿರುಳಾದ ಕರ್ನೆಲ್ಲನ್ನೂ ಅಗತ್ಯ ಡ್ರೈವರುಗಳ ಪುಟ್ಟ ಗಂಟನ್ನೂ ರ್‍ಯಾಮ್‌ಗೆ ತುಂಬುತ್ತದೆ. ಒಂದು ಯಂತ್ರದಲ್ಲಿ ಎರಡನೆಯ ಡಿಸ್ಕಾಗಿದ್ದ ಡ್ರೈವ್ ಇನ್ನೊಂದರಲ್ಲಿ ಮೂರನೆಯದಾಗಬಹುದು; ಆದ್ದರಿಂದ ಲಿನಕ್ಸ್ ಅದನ್ನು ಕ್ರಮಸಂಖ್ಯೆಯಿಂದಲ್ಲ, ಪಾರ್ಟಿಷನ್ ಫಾರ್ಮ್ಯಾಟ್ ಆದಾಗ ಬಿದ್ದ ‘ಯುಯುಐಡಿ’ ಎಂಬ ಅನನ್ಯ ಗುರುತಿನಿಂದ ಪತ್ತೆಹಚ್ಚುತ್ತದೆ. ಇಂಟೆಲ್, ಎಎಂಡಿ ಯಂತ್ರಗಳಿಗೆಂದು ಸಿದ್ಧಪಡಿಸಿದ ಡ್ರೈವ್ ಆ್ಯಪಲ್ಲಿನ ಎಂ ಸರಣಿಯ ಮ್ಯಾಕ್‌ಗಳಲ್ಲಿ ಏಳುವುದಿಲ್ಲ, ಏಕೆಂದರೆ ಪ್ರೊಸೆಸರಿನ ಭಾಷೆಯೇ ಬೇರೆ.

ಅಗ್ಗದ ಪೆನ್‌ಡ್ರೈವ್ ಈ ಕೆಲಸಕ್ಕೆ ಬೇಡ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ಸಣ್ಣ ಸಣ್ಣ ತುಣುಕುಗಳಲ್ಲಿ, ಅಳಿಸುವುದು ಮಾತ್ರ ದೊಡ್ಡ ಕಟ್ಟುಗಳಲ್ಲಿ. ಪ್ರತಿ ಕಟ್ಟು ಇಂತಿಷ್ಟೇ ಸಲ ಅಳಿಸಿಕೊಂಡು ಸವೆಯುತ್ತದೆ. ಕಾರ್ಯಾಚರಣಾ ವ್ಯವಸ್ಥೆಯೋ ನಾವು ಸುಮ್ಮನೆ ಕೂತಾಗಲೂ ಚೂರುಪಾರು ಬರೆಯುತ್ತಲೇ ಇರುತ್ತದೆ. ಹಾಡು, ಚಿತ್ರ ಸಾಗಿಸಲೆಂದು ಮಾಡಿದ ಪೆನ್‌ಡ್ರೈವ್ ಇಂಥ ಬರವಣಿಗೆಯಲ್ಲಿ ತೆವಳುತ್ತದೆ, ಬೇಗ ಸಾಯುತ್ತದೆ. ಯುಎಸ್‌ಬಿ 3ರ ಪೋರ್ಟಿಗೆ ಸೇರಿಸುವ ಎಸ್‌ಎಸ್‌ಡಿಗೆ ಕೊಟ್ಟ ಹಣ ವ್ಯರ್ಥವಲ್ಲ.

ಓಡುತ್ತಿರುವಾಗ ಡ್ರೈವ್ ಕಿತ್ತರೆ ವ್ಯವಸ್ಥೆ ಕುಸಿಯುತ್ತದೆ. ವಿಂಡೋಸ್ 8ರ ಜತೆ ಬಂದ, ವಿಂಡೋಸನ್ನೇ ಯುಎಸ್‌ಬಿ ಡ್ರೈವಿನಿಂದ ಓಡಿಸುವ ‘ವಿಂಡೋಸ್ ಟು ಗೋ’ ಇದಕ್ಕೆ ಉಪಾಯ ಕಂಡುಕೊಂಡಿತ್ತು: ಡ್ರೈವ್ ಕಳಚಿದರೆ ಯಂತ್ರ ಇದ್ದಲ್ಲೇ ಸ್ತಬ್ಧವಾಗಿ, 60 ಸೆಕೆಂಡಿನೊಳಗೆ ಮರಳಿ ಚುಚ್ಚಿದರೆ ಮುಂದುವರಿಯುತ್ತಿತ್ತು. 2020ರಲ್ಲಿ ಮೈಕ್ರೋಸಾಫ್ಟ್ ಆ ಸೌಲಭ್ಯವನ್ನೇ ತೆಗೆದುಹಾಕಿತು.

ಜೇಬಿನಲ್ಲಿರುವ ಕಂಪ್ಯೂಟರ್ ಬಸ್ಸಿನಲ್ಲಿ ಬಿದ್ದುಹೋಗಲೂಬಹುದು. ಅದಕ್ಕೇ ಅನುಸ್ಥಾಪಿಸುವಾಗಲೇ ಎನ್‌ಕ್ರಿಪ್ಷನ್ ಆಯ್ಕೆಗೆ ಗುರುತು ಹಾಕಿ. ಸಿಕ್ಕವರಿಗೆ ಗುಪ್ತಪದವಿಲ್ಲದೆ ಒಳಗಿನದು ಓದಲಾಗದು. ನೀವೇ ಅದನ್ನು ಮರೆತರೂ ಅಷ್ಟೇ. ಮುಖ್ಯ ಕಡತಗಳ ಪ್ರತಿ ಬೇರೊಂದು ಕಡೆ ಇರಲಿ.