ರೇಂಜ್ ರೋವರ್‌ಗೆ ಮುಂದೆ ಯಾವ ಎಂಜಿನ್? ಡೀಸೆಲ್ ಉಳಿಯುತ್ತಾ, ಹೈಬ್ರಿಡ್ ಬರುತ್ತಾ? ಮುಂಬೈ ಖರೀದಿದಾರರು ನೋಡಬೇಕಾದ ಲೆಕ್ಕ ಇಲ್ಲಿದೆ

ಮುಂಬೈ: ಯುರೋಪಿನ ಯಾವುದೋ ರಸ್ತೆಯಲ್ಲಿ ಮೈತುಂಬಾ ಸ್ಟಿಕ್ಕರ್ ಅಂಟಿಸಿಕೊಂಡ ರೇಂಜ್ ರೋವರ್‌ನ ಫೋಟೊ ಒಂದು ಲೀಕ್ ಆದರೆ ಸಾಕು, ಇಲ್ಲಿ ಊಹಾಪೋಹ ಶುರುವಾಗುತ್ತದೆ. ಡೀಸೆಲ್ ಎಂಜಿನ್ ನಿಲ್ಲುತ್ತಂತೆ, ಪ್ಲಗ್-ಇನ್ ಹೈಬ್ರಿಡ್ ಬರುತ್ತಂತೆ, ವಿ8 ಅಗ್ಗವಾಗುತ್ತಂತೆ ಎಂಬ ಮಾತುಗಳು ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುತ್ತವೆ.

ಆದರೆ ಮುಂಬೈನ ಶೋರೂಂಗೆ ಯಾವ ಎಂಜಿನ್ ಬರುತ್ತದೆ ಎಂಬುದನ್ನು ಆ ಫೋಟೊ ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಎಂಜಿನ್‌ನ ಸಿಸಿ, ಕಾರು ತಯಾರಾಗುವ ದೇಶ, ಜಿಎಸ್‌ಟಿ, ಆರ್‌ಟಿಒ ತೆರಿಗೆ ಮತ್ತು ಬಾಂಬೆ ಹೈಕೋರ್ಟ್‌ನ ಒಂದು ಆದೇಶ. ವಿಚಿತ್ರವೆಂದರೆ ಇವೆಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿಲ್ಲ.

ಸದ್ಯ ಸಿಗುತ್ತಿರುವುದು ಏನು?

ಟಾಟಾ ಮೋಟಾರ್ಸ್ 2008ರಲ್ಲಿ ಫೋರ್ಡ್‌ನಿಂದ 2.3 ಬಿಲಿಯನ್ ಡಾಲರ್‌ಗೆ ಜಾಗ್ವಾರ್ ಲ್ಯಾಂಡ್ ರೋವರ್ (ಜೆಎಲ್‌ಆರ್) ಕಂಪನಿಯನ್ನು ಖರೀದಿಸಿತು. ಅಲ್ಲಿಂದ ಈ ಬ್ರಿಟಿಷ್ ಕಾರುಗಳ ಮಾಲೀಕತ್ವ ಮುಂಬೈನ ಬಾಂಬೆ ಹೌಸ್‌ಗೆ ಬಂತು. ಆದರೆ ರೇಂಜ್ ರೋವರ್ ಮತ್ತು ರೇಂಜ್ ರೋವರ್ ಸ್ಪೋರ್ಟ್ ಕಾರುಗಳು ಮಾತ್ರ ಬಹಳ ವರ್ಷ ಬ್ರಿಟನ್‌ನಿಂದಲೇ ಹಡಗೇರಿ ಬರುತ್ತಿದ್ದವು.

2024ರ ಮೇ ತಿಂಗಳಲ್ಲಿ ಅದು ಬದಲಾಯಿತು. ರೇಂಜ್ ರೋವರ್ ಮತ್ತು ರೇಂಜ್ ರೋವರ್ ಸ್ಪೋರ್ಟ್ ಕಾರುಗಳನ್ನು ಪುಣೆಯಲ್ಲೇ ಜೋಡಿಸುವುದಾಗಿ ಜೆಎಲ್‌ಆರ್ ಪ್ರಕಟಿಸಿತು. ರೇಂಜ್ ರೋವರ್‌ನ 54 ವರ್ಷಗಳ ಇತಿಹಾಸದಲ್ಲಿ ಈ ಕಾರು ಬ್ರಿಟನ್‌ನ ಹೊರಗೆ ತಯಾರಾಗುತ್ತಿರುವುದು ಅದೇ ಮೊದಲು. ಆಗ ಘೋಷಿಸಿದ ಎಕ್ಸ್ ಶೋರೂಂ ದರ ರೇಂಜ್ ರೋವರ್‌ಗೆ 2.36 ಕೋಟಿ ರೂ.ನಿಂದ, ಸ್ಪೋರ್ಟ್‌ಗೆ 1.40 ಕೋಟಿ ರೂ.ನಿಂದ ಆರಂಭವಾಗುತ್ತಿತ್ತು.

ಪುಣೆಯಲ್ಲಿ ತಯಾರಿಗೆ ಆರಿಸಿಕೊಂಡದ್ದು ಎರಡೇ ಎಂಜಿನ್. ಎರಡೂ 3 ಲೀಟರ್, ಆರು ಸಿಲಿಂಡರ್ ಇಂಜಿನಿಯಂ ಸರಣಿಯವು. ಪೆಟ್ರೋಲ್ ಎಂಜಿನ್ ಸುಮಾರು 400 ಪಿಎಸ್ ಶಕ್ತಿ, 550 ಎನ್‌ಎಂ ಟಾರ್ಕ್ ಕೊಡುತ್ತದೆ. ಡೀಸೆಲ್‌ನದ್ದು ಸುಮಾರು 350 ಪಿಎಸ್, 700 ಎನ್‌ಎಂ. ಇದಕ್ಕೆ ಮೇಲಿನ ದರ್ಜೆಯಲ್ಲಿರುವುದು ಬಿಎಂಡಬ್ಲ್ಯು ಪೂರೈಸುವ 4.4 ಲೀಟರ್ ವಿ8. ಆ ಎಂಜಿನ್ ಇರುವ ಎಸ್‌ವಿ ಕಾರುಗಳು ಬ್ರಿಟನ್‌ನ ಸೋಲಿಹಲ್‌ನಿಂದ ಬರುತ್ತವೆ.

ಸ್ಥಳೀಯವಾಗಿ ಜೋಡಿಸುವ ಎಂಜಿನ್ ಸುಲಭವಾಗಿ ಬದಲಾಗುವುದಿಲ್ಲ. ಮಾರಾಟದ ಸಂಖ್ಯೆ ಸಾವಿರಗಳ ಲೆಕ್ಕದಲ್ಲಿರುವಾಗ ಮೂರನೆಯ, ನಾಲ್ಕನೆಯ ಎಂಜಿನ್‌ಗೆ ಬಿಡಿಭಾಗ, ಪ್ರಮಾಣಪತ್ರ, ಸರ್ವೀಸ್ ತರಬೇತಿ ಎಲ್ಲವನ್ನೂ ಹೊಸದಾಗಿ ಹೊಂದಿಸುವುದು ಕಂಪನಿಗೆ ದುಬಾರಿ. ಹೀಗಾಗಿ 'ಮುಂದಿನ ತಿಂಗಳೇ ಹೊಸ ಎಂಜಿನ್' ಎಂಬ ಸುದ್ದಿ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ, ಅದು ಪುಣೆಯಲ್ಲಿ ತಯಾರಾಗುತ್ತಾ ಅಥವಾ ಹಡಗಿನಲ್ಲಿ ಬರುತ್ತಾ ಎಂಬುದು.

ಬ್ರಿಟನ್ ಒಪ್ಪಂದ: ದೊಡ್ಡ ಎಂಜಿನ್‌ಗೆ ದೊಡ್ಡ ಲಾಭ

ಭಾರತ ಮತ್ತು ಬ್ರಿಟನ್ 2025ರ ಜುಲೈ 24ರಂದು ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ನೂರಕ್ಕೆ ನೂರಕ್ಕಿಂತ ಹೆಚ್ಚಿದ್ದ ಕಾರುಗಳ ಆಮದು ಸುಂಕ ಹಂತಹಂತವಾಗಿ ಶೇ 10ಕ್ಕೆ ಇಳಿಯುತ್ತದೆ ಎಂಬ ತಲೆಬರಹ ಎಲ್ಲ ಕಡೆ ಬಂತು. ಷರತ್ತುಗಳನ್ನು ಓದಿದವರು ಕಡಿಮೆ.

ಈ ರಿಯಾಯಿತಿ ಎಲ್ಲ ಕಾರುಗಳಿಗೆ ಅಲ್ಲ, ಪ್ರತಿ ವರ್ಷ ನಿಗದಿತ ಸಂಖ್ಯೆಗೆ ಮಾತ್ರ. ಒಪ್ಪಂದದ ಮೊದಲ ವರ್ಷದ ಕೋಟಾ 20,000 ಕಾರು. ಅದರಲ್ಲೂ ಸಿಸಿ ಲೆಕ್ಕದ ಗುಂಪುಗಳಿವೆ. 3000 ಸಿಸಿ ಮೀರಿದ ಪೆಟ್ರೋಲ್ ಮತ್ತು 2500 ಸಿಸಿ ಮೀರಿದ ಡೀಸೆಲ್ ಕಾರುಗಳಿಗೆ 10,000 ಕೋಟಾ, ಮೊದಲ ವರ್ಷದ ಸುಂಕ ಶೇ 30. ಅದಕ್ಕಿಂತ ಚಿಕ್ಕ ಎಂಜಿನ್‌ಗಳ ಎರಡು ಗುಂಪಿಗೆ ತಲಾ 5,000 ಕೋಟಾ, ಸುಂಕ ಶೇ 50.

ಅಂದರೆ ಎಂಜಿನ್ ದೊಡ್ಡದಾದಷ್ಟೂ ಸುಂಕ ಕಡಿಮೆ! ಭಾರತದ ತೆರಿಗೆ ಪದ್ಧತಿಗೆ ಒಗ್ಗಿದವರಿಗೆ ಇದು ತಲೆಕೆಳಗಾದ ಲೆಕ್ಕ. 4395 ಸಿಸಿಯ ವಿ8 ಎಂಜಿನ್‌ನ ಅಳತೆ ಈ ದೊಡ್ಡ ಗುಂಪಿಗೆ ಸೇರುತ್ತದೆ. ರೇಂಜ್ ರೋವರ್‌ನ 3 ಲೀಟರ್ ಪೆಟ್ರೋಲ್ ಎಂಜಿನ್ 3000 ಸಿಸಿಗೆ ಕೂದಲೆಳೆಯಷ್ಟು ಕಡಿಮೆ ಇರುವುದರಿಂದ ಮಧ್ಯದ ಗುಂಪಿಗೆ ಬೀಳುತ್ತದೆ. ಅದೇ ಅಳತೆಯ ಡೀಸೆಲ್, 2500 ಸಿಸಿ ಮಿತಿ ದಾಟಿ ದೊಡ್ಡ ಗುಂಪಿಗೆ ಹೋಗುತ್ತದೆ. ಈ ಎರಡೂ ಪುಣೆಯಲ್ಲೇ ಜೋಡಣೆಯಾಗುವುದರಿಂದ ಆಮದು ಕಾರಿನ ಸುಂಕ ಇಳಿಕೆ ಅವುಗಳ ದರವನ್ನು ನೇರವಾಗಿ ಇಳಿಸುವುದಿಲ್ಲ.

ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಿಗೆ ಮೊದಲ ಐದು ವರ್ಷ ಯಾವ ರಿಯಾಯಿತಿಯೂ ಇಲ್ಲ. ಆರನೇ ವರ್ಷದಿಂದ ಶುರುವಾಗುವ ರಿಯಾಯಿತಿಯೂ 40,000 ಪೌಂಡ್‌ಗಿಂತ ದುಬಾರಿ ಕಾರುಗಳಿಗೆ ಮಾತ್ರ. ದೇಶದೊಳಗಿನ ಇವಿ ತಯಾರಕರನ್ನು ಕಾಪಾಡುವುದು ಸರ್ಕಾರದ ಉದ್ದೇಶ. ಬ್ರಿಟನ್‌ನಿಂದ ಬರುವ ಪ್ಲಗ್-ಇನ್ ರೇಂಜ್ ರೋವರ್‌ಗೆ ಸದ್ಯಕ್ಕೆ ಇದು ಅಡ್ಡಗೋಡೆ.

ಇನ್ನೊಂದು ಗೊಂದಲ ಡಿಫೆಂಡರ್‌ನದ್ದು. ಒಪ್ಪಂದದ ಸುದ್ದಿ ಬಂದಾಗ ಡಿಫೆಂಡರ್ ಅಗ್ಗವಾಗುತ್ತದೆ ಎಂದು ಖುಷಿಪಟ್ಟವರಿದ್ದಾರೆ. ಆದರೆ ಡಿಫೆಂಡರ್ ತಯಾರಾಗುವುದು ಸ್ಲೊವಾಕಿಯಾದ ನಿತ್ರಾದಲ್ಲಿ. ಬ್ರಿಟನ್ ಒಪ್ಪಂದ ಅದಕ್ಕೆ ಅನ್ವಯಿಸುವುದಿಲ್ಲ.

ಜಿಎಸ್‌ಟಿ ಇಳಿದರೂ ಹೈಬ್ರಿಡ್‌ಗೆ ಪೆಟ್ಟು

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಸೆಸ್ ಇಲ್ಲದೆ ಶೇ 40 ಜಿಎಸ್‌ಟಿ ಬಂತು. ಜೆಎಲ್‌ಆರ್ ಕೆಲವು ಮಾದರಿಗಳ ದರವನ್ನು 30.4 ಲಕ್ಷ ರೂ.ವರೆಗೂ ಇಳಿಸಿತು. ಎಲ್ಲರೂ ಮಾತನಾಡಿದ್ದು ಇದರ ಬಗ್ಗೆಯೇ.

ಆದರೆ ಹಿಂದೆ ದೊಡ್ಡ ಎಸ್‌ಯುವಿಗೆ ಸೆಸ್ ಸೇರಿ ಶೇ 50, ದೊಡ್ಡ ಹೈಬ್ರಿಡ್‌ಗೆ ಶೇ 43 ತೆರಿಗೆ ಇತ್ತು. ಹೈಬ್ರಿಡ್‌ಗೆ ಇದ್ದ ಏಳು ಶೇಕಡಾ ಅಂಶದ ಅನುಕೂಲ ಈಗ ಇಲ್ಲ, ಎರಡಕ್ಕೂ ಶೇ 40. ಎಲೆಕ್ಟ್ರಿಕ್‌ಗೆ ಮಾತ್ರ ಹಿಂದಿನಂತೆ ಶೇ 5. ವಿದೇಶದಲ್ಲಿ ರೇಂಜ್ ರೋವರ್ ಪ್ಲಗ್-ಇನ್ 38.2 ಕಿಲೋವ್ಯಾಟ್ ಅವರ್ ಬ್ಯಾಟರಿಯೊಂದಿಗೆ ಮಾರಾಟವಾಗುತ್ತಿದ್ದು, ಬ್ಯಾಟರಿಯಲ್ಲೇ 100 ಕಿ.ಮೀ.ಗೂ ಹೆಚ್ಚು ಓಡುತ್ತದೆ ಎಂದು ಕಂಪನಿ ಹೇಳಿಕೊಂಡಿದೆ. ಬೋರಿವಲಿಯಿಂದ ನಾರಿಮನ್ ಪಾಯಿಂಟ್‌ಗೆ ಹೋಗಿ ಬರಲು ಅದು ಧಾರಾಳ ಸಾಕು. ಟ್ರಾಫಿಕ್‌ನಲ್ಲಿ ನಿಂತು ನಿಂತು ಸಾಗುವ ಮುಂಬೈಗೆ ಹೇಳಿ ಮಾಡಿಸಿದ ಎಂಜಿನ್ ಇದು. ಆದರೂ ತೆರಿಗೆ ಪಟ್ಟಿಯಲ್ಲಿ ಅದನ್ನು ಸಾಮಾನ್ಯ ಪೆಟ್ರೋಲ್ ಕಾರಿನ ಸಾಲಿನಲ್ಲೇ ಕೂರಿಸಲಾಗಿದೆ.

ಆರ್‌ಟಿಒದಲ್ಲಿ ಡೀಸೆಲ್‌ಗೆ ಎಷ್ಟು ಹೆಚ್ಚು?

ಮಹಾರಾಷ್ಟ್ರದಲ್ಲಿ 20 ಲಕ್ಷ ರೂ. ಮೀರಿದ ಪೆಟ್ರೋಲ್ ಕಾರಿಗೆ ಒಂದು ಬಾರಿಯ ತೆರಿಗೆ ಶೇ 13, ಡೀಸೆಲ್‌ಗೆ ಶೇ 15. ಕಂಪನಿ ಹೆಸರಿನಲ್ಲಿ ನೋಂದಾಯಿಸಿದರೆ ದರ ಬೇರೆ. ಗರಿಷ್ಠ ಮಿತಿ 20 ಲಕ್ಷ ರೂ. ಇದ್ದದ್ದನ್ನು 2025ರ ಬಜೆಟ್‌ನಲ್ಲಿ 30 ಲಕ್ಷಕ್ಕೆ ಏರಿಸಲಾಯಿತು.

1.40 ಕೋಟಿ ರೂ. ಬೆಲೆಯ ಕಾರನ್ನೇ ತೆಗೆದುಕೊಳ್ಳಿ. ಪೆಟ್ರೋಲ್‌ಗೆ ಅಂದಾಜು 18.2 ಲಕ್ಷ, ಡೀಸೆಲ್‌ಗೆ 21 ಲಕ್ಷ. ವ್ಯತ್ಯಾಸ 2.8 ಲಕ್ಷ ರೂ. ಅದೇ 2.36 ಕೋಟಿ ರೂ. ಕಾರಿಗೆ ಎರಡೂ ಲೆಕ್ಕ 30 ಲಕ್ಷದ ಮಿತಿ ದಾಟುವುದರಿಂದ ತೆರಿಗೆ ಒಂದೇ. ಅಂದರೆ ಅತಿ ದುಬಾರಿ ಕಾರಿನಲ್ಲಿ ಡೀಸೆಲ್‌ನ 'ದಂಡ' ಮಾಯ.

ಕರ್ನಾಟಕದಲ್ಲಿ ದುಬಾರಿ ಕಾರಿನ ಜೀವಿತಾವಧಿ ತೆರಿಗೆ ಶೇ 18, ಇಂಥ ಮಿತಿಯೂ ಇಲ್ಲ. ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದು ಬೆಂಗಳೂರಿನಲ್ಲಿ ಓಡಾಡಿ, 2025ರ ಜುಲೈನಲ್ಲಿ ಅದರ ಮಾಲೀಕರು ಸುಮಾರು 1.42 ಕೋಟಿ ರೂ. ತೆರಿಗೆ ಕಟ್ಟಬೇಕಾಗಿ ಬಂದದ್ದು ಓದುಗರಿಗೆ ನೆನಪಿರಬಹುದು. ಮುಂಬೈನಲ್ಲಿ ಕಾರು ಕೊಂಡು ಊರಿಗೆ ತರುವ ಯೋಚನೆ ಇರುವ ಕನ್ನಡಿಗರು ಎಂಜಿನ್‌ಗಿಂತ ಮೊದಲು ಈ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು.

ಹೈಕೋರ್ಟ್ ಹೇಳಿದ್ದೇನು?

ಮುಂಬೈನ ವಾಯುಮಾಲಿನ್ಯದ ಬಗ್ಗೆ ಸ್ವಯಂಪ್ರೇರಿತ ಅರ್ಜಿ ಕೈಗೆತ್ತಿಕೊಂಡಿದ್ದ ಬಾಂಬೆ ಹೈಕೋರ್ಟ್, 2025ರ ಜನವರಿ 9ರಂದು ಮಹತ್ವದ ಆದೇಶ ನೀಡಿತು. ನಗರದಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳನ್ನು ಹಂತಹಂತವಾಗಿ ನಿಲ್ಲಿಸಿ ಸಿಎನ್‌ಜಿ, ಎಲೆಕ್ಟ್ರಿಕ್ ವಾಹನಗಳಿಗಷ್ಟೇ ಅವಕಾಶ ಕೊಡಲು ಸಾಧ್ಯವೇ ಎಂದು ಅಧ್ಯಯನ ಮಾಡಲು ಸಮಿತಿ ರಚಿಸುವಂತೆ ಸೂಚಿಸಿತು. ಅದೇ ತಿಂಗಳು ರಾಜ್ಯ ಸರ್ಕಾರ ನಿವೃತ್ತ ಐಎಎಸ್ ಅಧಿಕಾರಿ ಸುಧೀರ್ ಕುಮಾರ್ ಶ್ರೀವಾಸ್ತವ ನೇತೃತ್ವದಲ್ಲಿ ಏಳು ಸದಸ್ಯರ ಸಮಿತಿ ರಚಿಸಿತು.

ಇದು ನಿಷೇಧವಲ್ಲ, ಅಧ್ಯಯನ. ಆದರೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುವಾಗ, ಇಂದು ಎರಡು ಕೋಟಿ ಕೊಟ್ಟು ಡೀಸೆಲ್ ಕೊಂಡವರಿಗೆ ಮರುಮಾರಾಟದ ಚಿಂತೆ ಸಹಜ.

ದೆಹಲಿಯ ಉದಾಹರಣೆಯೂ ಕಣ್ಣ ಮುಂದಿದೆ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 2000 ಸಿಸಿ ಮೀರಿದ ಡೀಸೆಲ್ ಕಾರುಗಳ ನೋಂದಣಿ ತಡೆಯಿತು. ಮರು ತಿಂಗಳೇ ಮಹೀಂದ್ರಾ 1.99 ಲೀಟರ್ ಎಂಜಿನ್ ತಂದಿತು. 2016ರ ಆಗಸ್ಟ್‌ನಲ್ಲಿ ಶೇ 1 ಹಸಿರು ಸೆಸ್ ವಿಧಿಸಿ ಕೋರ್ಟ್ ತಡೆ ತೆರವು ಮಾಡಿತು. ಕಂಪನಿಗಳು ವರ್ಷಗಟ್ಟಲೆ ಯೋಚಿಸಿ ಮಾಡುವ ಎಂಜಿನ್ ಬದಲಾವಣೆ ಕೋರ್ಟ್ ಆದೇಶದಿಂದ ವಾರಗಳಲ್ಲೇ ನಡೆದುಹೋಯಿತು. 2020ರಲ್ಲಿ ಬಿಎಸ್6 ನಿಯಮ ಬಂದಾಗ ಔಡಿ ಭಾರತದಲ್ಲಿ ಡೀಸೆಲ್ ಕಾರು ಮಾರುವುದನ್ನೇ ಬಿಟ್ಟಿತು. ವೋಲ್ವೊ ಇನ್ನೂ ಮುಂದೆ ಹೋಗಿ 2024ರಲ್ಲಿ ಜಗತ್ತಿನಾದ್ಯಂತ ಡೀಸೆಲ್ ಕಾರು ತಯಾರಿಕೆಗೆ ತೆರೆ ಎಳೆಯಿತು. ಅದರ ಎಲೆಕ್ಟ್ರಿಕ್ ಕಾರುಗಳು ನಮ್ಮ ಹೊಸಕೋಟೆಯಲ್ಲೇ ಜೋಡಣೆಯಾಗುತ್ತವೆ.

ಎಲೆಕ್ಟ್ರಿಕ್ ರೇಂಜ್ ರೋವರ್ ಕಥೆ ಏನು?

ಇದರ ಕಾಯ್ದಿರಿಸುವ ಪಟ್ಟಿಯನ್ನು ಜೆಎಲ್‌ಆರ್ 2023ರ ಡಿಸೆಂಬರ್‌ನಲ್ಲೇ ತೆರೆದಿತ್ತು, ನಂತರ ಬಿಡುಗಡೆ ಮುಂದಕ್ಕೆ ಹೋಯಿತು. ಮುಂಬೈನಲ್ಲಿ ಇವಿಗೆ ಅನುಕೂಲಗಳಿವೆ. 30 ಲಕ್ಷ ರೂ. ಮೀರಿದ ಇವಿಗೆ ಶೇ 6 ತೆರಿಗೆ ಹಾಕುವ ಪ್ರಸ್ತಾವವನ್ನು ಮಹಾರಾಷ್ಟ್ರ ಸರ್ಕಾರ 2025ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಆಗಸ್ಟ್ 22ರಿಂದ ಅಟಲ್ ಸೇತುವೆಯಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಟೋಲ್ ಇಲ್ಲ. ಹೋಲಿಕೆಗೆ, ಕರ್ನಾಟಕದಲ್ಲಿ 25 ಲಕ್ಷ ರೂ. ಮೀರಿದ ಇವಿಗೆ 2024ರಿಂದ ಶೇ 10 ತೆರಿಗೆ ಇದೆ.

ತೊಡಕಿರುವುದು ಕಟ್ಟಡದೊಳಗೆ. ರೇಂಜ್ ರೋವರ್ ಉದ್ದನೆಯ ಮಾದರಿ ಐದೂಕಾಲು ಮೀಟರ್ ಇದೆ. ಯಂತ್ರದಲ್ಲಿ ಮೇಲೆ-ಕೆಳಗೆ ಕಾರು ನಿಲ್ಲಿಸುವ ಪಾರ್ಕಿಂಗ್‌ಗಳಲ್ಲಿ ಉದ್ದ, ತೂಕ ಎರಡಕ್ಕೂ ಮಿತಿ ಇರುತ್ತದೆ. ಮಲಬಾರ್ ಹಿಲ್, ದಾದರ್‌ನ ಹಳೆಯ ಕಟ್ಟಡಗಳಲ್ಲಿ ಸ್ವಂತ ಜಾಗ ಸಿಕ್ಕರೂ ಅಲ್ಲಿಗೆ ಚಾರ್ಜರ್ ಎಳೆಯಲು ಸೊಸೈಟಿಯ ಜೊತೆ ಮಾತುಕತೆ ಆಗಬೇಕು.

ಸದ್ಯದ ಸುಂಕ ಮತ್ತು ತೆರಿಗೆ ನೋಡಿದರೆ ಮುಂದಿನ ಕೆಲವು ವರ್ಷ ಮುಂಬೈ ಶೋರೂಂನಲ್ಲಿ 3 ಲೀಟರ್ ಪೆಟ್ರೋಲ್ ಮುಖ್ಯ ಎಂಜಿನ್ ಆಗಿ ಉಳಿಯುವ, ವಿ8 ದರ ಇಳಿಯುವ ಸಾಧ್ಯತೆಯೇ ಹೆಚ್ಚು. ಪ್ಲಗ್-ಇನ್ ಬರುವುದಿದ್ದರೂ ದರದಲ್ಲಿ ಅದಕ್ಕೆ ಯಾವ ನೆರವೂ ಇಲ್ಲ. ಡೀಸೆಲ್‌ನ ಭವಿಷ್ಯ ಮಾತ್ರ ಕಂಪನಿಯ ಕೈಯಲ್ಲಷ್ಟೇ ಇಲ್ಲ. ವರ್ಷಕ್ಕೆ 20,000 ಕಿ.ಮೀ. ಹೆದ್ದಾರಿಯಲ್ಲಿ ಓಡಿಸಿ ನಾಲ್ಕೈದು ವರ್ಷಕ್ಕೆ ಕಾರು ಬದಲಿಸುವವರಿಗೆ ಅದು ಈಗಲೂ ಲಾಭದ ಆಯ್ಕೆ. ಹತ್ತು ವರ್ಷ ಇಟ್ಟುಕೊಳ್ಳುವವರು ಆ ಏಳು ಸದಸ್ಯರ ಸಮಿತಿಯ ವರದಿ ಮೇಲೆ ಸರ್ಕಾರ ಮತ್ತು ಹೈಕೋರ್ಟ್ ಏನು ಮಾಡುತ್ತವೆ ಎಂಬುದರ ಮೇಲೆ ಕಣ್ಣಿಡಬೇಕು.