ಬಡಿಯೋದು ಇಲ್ಲಿ, ಕೇಳೋದು ಅಲ್ಲಿ

ಹೊಸಪೇಟೆಯಲ್ಲಿ ನನ್ನ ಗೆಳೆಯನ ಮನೆಯ ಕೆಳಗಡೆ ಇರುವ ಅಜ್ಜಿಗೆ ಬಹಳ ದಿನ ಒಂದು ಅನುಮಾನವಿತ್ತು: ರಾತ್ರಿ ಹತ್ತರ ಮೇಲೆ ಮಾಳಿಗೆಯಲ್ಲಿ ಯಾರಪ್ಪಾ ರೊಟ್ಟಿ ಬಡಿಯುವವರು? ಬಡಿಯುತ್ತಿದ್ದವನು ಗೆಳೆಯನೇ. ರೊಟ್ಟಿಯನ್ನಲ್ಲ, ಜಾಲರಿ ಬಿಗಿದ ಎಲೆಕ್ಟ್ರಾನಿಕ್ ಡ್ರಮ್ಮನ್ನು. ಹೆಡ್‌ಫೋನ್ ಹಾಕಿಕೊಂಡ ಅವನ ಕಿವಿಯಲ್ಲಿ ಗುಡುಗು, ಹೊರಗಿನವರಿಗೆ ಬರೀ ಟಪ್ ಟಪ್.

ಏಟು ಬೀಳುವ ಜಾಗ ಬೇರೆ, ನಾದ ಹುಟ್ಟುವ ಜಾಗ ಬೇರೆ. ನಮ್ಮ ಸೀಮೆಗೆ ಇದು ಹೊಸ ಮಾತು; ಇಲ್ಲಿ ಏಟು ತಿಂದದ್ದೇ ನಾದ ಕೊಡುವುದು. ಬಳ್ಳಾರಿ ಪಕ್ಕದ ಕುಪ್ಪಗಲ್ಲಿನಲ್ಲಿ ಕಪ್ಪು ಡೊಲೆರೈಟ್ ಬಂಡೆಗಳಿವೆ. ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ಮೊಳಗುತ್ತವೆ. ಹಿಂದಿನವರು ತಟ್ಟಿ ತಟ್ಟಿ ಸವೆಸಿದ ಕುಳಿಗಳು ಇನ್ನೂ ಅಲ್ಲಿವೆ. ಪುರಾತತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಅವುಗಳ ಬಗ್ಗೆ ಬರೆದು, ನವಶಿಲಾಯುಗದ ಜನರ ಆಚರಣೆಗೂ ಈ ನಾದಕ್ಕೂ ನಂಟು ಕಲ್ಪಿಸಿದರು. ಹಂಪಿಯ ವಿಠ್ಠಲ ದೇವಾಲಯದ, ತಟ್ಟಿದರೆ ನಾದ ಕೊಡುವ ಕಂಬಗಳನ್ನು ಕಲ್ಪಾಕ್ಕಂನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರದವರು ಪರೀಕ್ಷಿಸಿ 2008ರಲ್ಲಿ ಪ್ರಬಂಧ ಪ್ರಕಟಿಸಿದರು. ಕಂಬದೊಳಗೆ ಪೊಳ್ಳೂ ಇಲ್ಲ, ಗುಟ್ಟೂ ಇಲ್ಲ. ಗಟ್ಟಿ ಕಲ್ಲೇ ಬಾಗಿ ಕಂಪಿಸಿ ದನಿ ಕೊಡುತ್ತದೆ. ಈಗ ಅದನ್ನು ತಟ್ಟುವಂತಿಲ್ಲ. ತಟ್ಟಿಸಿಕೊಂಡು ತಟ್ಟಿಸಿಕೊಂಡು ಕಲ್ಲಿಗೂ ಸಾಕಾಗಿತ್ತು.

ಏಟಿನಿಂದ ನಾದವನ್ನು ಬೇರ್ಪಡಿಸುವ ಕೆಲಸ ನಡೆದದ್ದು ದೂರದಲ್ಲಿ. ಇಂಗ್ಲೆಂಡಿನ ಡೇವ್ ಸಿಮನ್ಸ್ ಅವರ ಕಂಪನಿ 1981ರಲ್ಲಿ ಎಸ್‌ಡಿಎಸ್-5 ಎಂಬ ಡ್ರಮ್ ತಂದಿತು. ಷಟ್ಕೋನದ ಪ್ಯಾಡು, ಮೇಲ್ಮೈಗೆ ಪೊಲೀಸರ ಗುರಾಣಿಗೆ ಬಳಸುವ ಪಾಲಿಕಾರ್ಬೊನೇಟು. ಬಾರಿಸಿದವರ ಮಣಿಕಟ್ಟು ನೋಯದೆ ಇರುತ್ತದೆಯೇ? ಪ್ಯಾಡಿನಡಿ ಇರುವ ಪೀಜೊ ಬಿಲ್ಲೆ ನಮಗೆ ಹೊಸದೇನಲ್ಲ. ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿಯ ಹಿಂದೆಯೂ ಅದೇ ತತ್ವ: ಒತ್ತಿದರೆ, ಬಡಿದರೆ ವಿದ್ಯುತ್ತು.

1983ರಲ್ಲಿ ಮಿಡಿ ಬಂತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡುವ ಭಾಷೆ. ಆ ತಂತಿಯಲ್ಲಿ ಹರಿಯುವುದು ಸದ್ದಲ್ಲ, ಬರೀ ಅಂಕಿ. ಕಿಕ್ ಡ್ರಮ್ಮಿಗೆ 36, ಸ್ನೇರ್ ಡ್ರಮ್ಮಿಗೆ 38; ಜೊತೆಗೆ ಏಟು ಎಷ್ಟು ಜೋರು ಎಂಬುದಕ್ಕೆ 1ರಿಂದ 127ರವರೆಗೆ ಒಂದು ಸಂಖ್ಯೆ. ರೋಲ್ಯಾಂಡ್ ಕಂಪನಿ 1985ರಲ್ಲಿ ತಂದ ಮೊದಲ ಆಕ್ಟಾಪ್ಯಾಡಿಗೆ ಸ್ವಂತ ದನಿಯೇ ಇರಲಿಲ್ಲ! ಎಂಟು ರಬ್ಬರ್ ಚೌಕ, ಅಷ್ಟೇ. ಮುಂದೆ ದನಿಗಳನ್ನು ಒಡಲಲ್ಲೇ ಇಟ್ಟುಕೊಂಡು ಬಂದ ಎಸ್‌ಪಿಡಿ-20 ನಮ್ಮ ಆರ್ಕೆಸ್ಟ್ರಾಗಳನ್ನು ಹೊಕ್ಕಿತು. ಗಣೇಶನ ಪೆಂಡಾಲಿನಲ್ಲಿ ಢೋಲಕ್, ತಬಲಾ, ತಮಟೆ ಎಲ್ಲಕ್ಕೂ ಒಬ್ಬನೇ, ಎರಡೇ ಕಡ್ಡಿ. ಹಲಗಿಯನ್ನು ಬೆಂಕಿಗೆ ಹಿಡಿದು ಕಾಸುವ ಗೋಜಿಲ್ಲ. ಹಲಗಿ ಬಡಿಯುವವನಿಗೆ ಕರೆಯೂ ಇಲ್ಲ ಎಂಬುದನ್ನು ಆ ಸಡಗರದಲ್ಲಿ ಯಾರೂ ಗಮನಿಸಲಿಲ್ಲ.

ನನ್ನ ಗೆಳೆಯನೂ ಸಂಡೂರು ಕಡೆಯ ಪೆಂಡಾಲುಗಳಲ್ಲಿ ಪ್ಯಾಡ್ ಬಾರಿಸಿ ಕೈ ಪಳಗಿಸಿಕೊಂಡವನು. ಹಳೆಯ ಕಿಟ್ ಕೊಂಡು, ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಡ್ರಮ್ ಸಾಫ್ಟ್‌ವೇರ್ ಹಾಕಿದ. ಇಂಥ ಸಾಫ್ಟ್‌ವೇರಿನಲ್ಲಿ ಒಂದೊಂದು ಡ್ರಮ್ಮನ್ನೂ ಮೆಲ್ಲಗೆ, ಹದವಾಗಿ, ಜೋರಾಗಿ ಬಾರಿಸಿ ಧ್ವನಿಮುದ್ರಿಸಿ ಇಟ್ಟಿರುತ್ತಾರೆ. ಅಂಕಿ ಬಂದೊಡನೆ ತಕ್ಕ ದನಿ ಹೊರಡಬೇಕು. ಮೊದಲ ದಿನ ಹೊರಡಲಿಲ್ಲ. ಗೆಳೆಯ ಗೊಣಗಿದ: “ಅಣ್ಣಾ, ಬಡಿಯೋದು ಈಗ, ಕೇಳೋದು ಆಮ್ಯಾಲೆ. ಹೆಣ್ಣು ನೋಡಿ ಹೋದ ಬೀಗರ ಉತ್ತರ ಬಂದಂಗ ಬರ್ತೈತಲ್ಲ ಇದು!”

ತಡವೆಂದರೆ ಎಷ್ಟು? ಕಂಪ್ಯೂಟರು ಸೆಕೆಂಡಿಗೆ 44,100 ತುಣುಕುಗಳಾಗಿ ಸದ್ದನ್ನು ಎಣಿಸುತ್ತದೆ. 1,024 ತುಣುಕು ಕೂಡಿದ ಮೇಲಷ್ಟೇ ಹೊರಗೆ ಬಿಡು ಎಂದು ಹೇಳಿಟ್ಟರೆ ಸುಮಾರು 23 ಮಿಲಿಸೆಕೆಂಡ್ ಹೋಯಿತು. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ಎಂಟು ಮೀಟರ್ ಸಾಗಿರುತ್ತದೆ. ಅಂದರೆ ಡ್ರಮ್ಮನ್ನು ಬೀದಿಯಾಚೆ ಇಟ್ಟು ಇಲ್ಲಿಂದ ಬಾರಿಸಿದ ಹಾಗೆ. ಆಸಿಯೊ ಎಂಬ ಡ್ರೈವರ್ ಹಾಕಿ ತುಣುಕುಗಳನ್ನು 128ಕ್ಕೆ ಇಳಿಸಿದಾಗ ಆ ಭಾಗದ ತಡ ಮೂರು ಮಿಲಿಸೆಕೆಂಡಿಗೆ ಬಂತು. ಇನ್ನೂ ಇಳಿಸಹೋದರೆ ಹಳೆಯ ಲ್ಯಾಪ್‌ಟಾಪು ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಎನ್ನುತ್ತಿತ್ತು. ಆಮೇಲೆ ಇನ್ನೊಂದು ಕಾಟ: ಟಾಮ್ ಬಡಿದರೆ ಸಿಂಬಲ್ಲೂ ಕೂಗುವುದು. ಒಂದೇ ಚೌಕಟ್ಟಿನ ಅದುರು ಪಕ್ಕದ ಪೀಜೊಗೂ ತಾಕುತ್ತಿತ್ತು. ಇಷ್ಟಕ್ಕಿಂತ ಮೆಲ್ಲಗಿನ ಏಟು ಏಟೇ ಅಲ್ಲ ಎಂದು ಪ್ರತಿ ಪ್ಯಾಡಿಗೂ ಗೆರೆ ಎಳೆದುಕೊಟ್ಟು, ಕ್ಲ್ಯಾಂಪುಗಳನ್ನು ಬಿಗಿದ ಮೇಲೆ ನಿಂತಿತು. ಎರಡು ಭಾನುವಾರ ಇದಕ್ಕೇ ಹೋಯಿತು.

ಕಳೆದ ಸುಗ್ಗಿಯಲ್ಲಿ ಕಂಪ್ಲಿ ಕಡೆಯ ಗದ್ದೆಗೆ ಹೋಗಿದ್ದಾಗ ಬೇಲಿಯ ಕಲ್ಲುಕಂಬವೊಂದನ್ನು ಅವನು ಸುಮ್ಮನೆ ತಟ್ಟಿದ. ಟಣ್ ಎಂದಿತು. ವಿಠ್ಠಲನ ಕಂಬದಂತೆಯೇ ಇದೂ ಬಾಗಿ ಕಂಪಿಸುತ್ತದೆ, ಇದಕ್ಕೆ ಕಾವಲುಗಾರರಿಲ್ಲ. ಮೆಲ್ಲಗೆ, ಹದವಾಗಿ, ಜೋರಾಗಿ ಮೂರು ಸಲ ತಟ್ಟಿ ಮೊಬೈಲಿನಲ್ಲಿ ಹಿಡಿದ. ಗದ್ದೆಯವರು, ಇವನಿಗೇನು ಆಗೈತಿ ಎಂಬಂತೆ ನೋಡಿದರು. ಆ ದನಿಗಳನ್ನು ಸಾಫ್ಟ್‌ವೇರಿಗೆ ತುಂಬಿದ. ಈಗ ಎಡಗಡೆಯ ಪ್ಯಾಡು ಮುಟ್ಟಿದರೆ ಆ ಕಲ್ಲು ಮೊಳಗುತ್ತದೆ. ನನಗೆ ಹೆಡ್‌ಫೋನ್ ಕೊಟ್ಟು ಕೇಳಿಸಿದ, ಮೈ ಜುಮ್ಮೆಂದಿತು. ಇಳಿದು ಬರುವಾಗ ಬಾಗಿಲಲ್ಲಿ ಕೂತಿದ್ದ ಅಜ್ಜಿ ಕೇಳಿದರು: “ಇವತ್ತು ಎಷ್ಟು ರೊಟ್ಟಿ ಆದುವಪ್ಪಾ?”