ಕೊಯ್ದವರಿಗೆ ಹೆಸರು, ಉಸಿರು ಕಲಿಸಿದವರಿಗೆ?

ಶ್ವಾಸಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಚರಿತ್ರೆ ಹೇಳುವವರೆಲ್ಲ 1933ರ ಏಪ್ರಿಲ್ 5ಕ್ಕೆ ಬಂದು ನಿಲ್ಲುತ್ತಾರೆ. ಅಂದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡಾ. ಇವಾರ್ಟ್ಸ್ ಗ್ರಹಾಂ, ಜೇಮ್ಸ್ ಗಿಲ್ಮೋರ್ ಎಂಬ ವೈದ್ಯರ ಎಡ ಶ್ವಾಸಕೋಶವನ್ನು ಇಡಿಯಾಗಿ ತೆಗೆದರು. ಖಾಲಿ ಜಾಗ ಕುಗ್ಗಿ ಮುಚ್ಚಿಕೊಳ್ಳಲಿ ಎಂದು ಏಳು ಪಕ್ಕೆಲುಬುಗಳನ್ನೂ ತೆಗೆದರು. ಗಿಲ್ಮೋರ್ ಸುಮಾರು ಮೂವತ್ತು ವರ್ಷ ಬದುಕಿದರು. ಧೂಮಪಾನಿಯಾಗಿದ್ದ ಗ್ರಹಾಂ 1957ರಲ್ಲಿ ಅದೇ ಕ್ಯಾನ್ಸರಿಗೆ ಬಲಿಯಾದರು. ಸೊಗಸಾದ ಕಥೆ, ಒಪ್ಪೋಣ. ಆದರೆ ಕೊಯ್ದ ಮೇಲೆ ರೋಗಿಗೆ ಉಸಿರಾಡಲು ಕಲಿಸಿದವರು ಈ ಚರಿತ್ರೆಯಲ್ಲಿ ಯಾಕಿಲ್ಲ?

ಅವರ ಕಥೆ ಶುರುವಾಗುವುದು ಮೊದಲ ಮಹಾಯುದ್ಧದಲ್ಲಿ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಮಾತಿನ ತೊಂದರೆ ತಿದ್ದುತ್ತಿದ್ದ ಕಾರ್ಟ್‌ಲ್ಯಾಂಡ್ ಮ್ಯಾಕ್‌ಮಹೋನ್, ಎದೆಗೆ ಗಾಯವಾಗಿ ಬಂದ ಸೈನಿಕರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರು. 1915ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದನ್ನು ಬರೆದೂ ಬರೆದರು. ಡಾಕ್ಟರ್ ಅಲ್ಲದ ಮೇಷ್ಟ್ರೊಬ್ಬರ ಪಾಠ ಅದು.

ಆಮೇಲೆ ಬಂದವರು ನನ್ನ ಮೆಚ್ಚಿನ ವಿನಿಫ್ರೆಡ್ ಲಿಂಟನ್. ನರ್ಸ್ ಆಗಿದ್ದವರು ಫಿಸಿಯೋಥೆರಪಿ ಕಲಿತು, 1934ರಲ್ಲಿ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಎದೆಯ ಶಸ್ತ್ರಚಿಕಿತ್ಸೆ ಆದವರಿಗೆ ಹೊಸ ಪದ್ಧತಿ ತಂದರು. ಹೊಲಿಗೆ ನೋಯುತ್ತದೆಂದು ರೋಗಿ ಮೇಲೆಮೇಲೆ ಉಸಿರಾಡುತ್ತಾನೆ. ಶ್ವಾಸಕೋಶದ ತಳ ತೆರೆಯುವುದಿಲ್ಲ, ಕಫ ಕಟ್ಟುತ್ತದೆ, ನ್ಯುಮೋನಿಯಾ ಬರುತ್ತದೆ. ಈ ಪದ್ಧತಿಯಲ್ಲಿ ಕೆಳಪಕ್ಕೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತುತ್ತಾರೆ. ಆ ಕೈಯನ್ನು ಹೊರಕ್ಕೆ ತಳ್ಳುವಂತೆ ರೋಗಿ ಉಸಿರೆಳೆದುಕೊಳ್ಳಬೇಕು. ಬೇಕಾದದ್ದು ಒಂದು ಕೈ, ಒಂದಿಷ್ಟು ತಾಳ್ಮೆ.

ಮುಂದೆ ಈ ಉಸಿರಾಟದ ಪಾಠಕ್ಕೆ ಹಾಸಿಗೆ ಬಿಟ್ಟು ಬೇಗ ಏಳಿಸುವ ರೂಢಿ, ನಡಿಗೆ, ಸೈಕಲ್ ತುಳಿತ, ತೂಕ ಎತ್ತುವುದು ಒಂದೊಂದಾಗಿ ಸೇರಿಕೊಂಡವು. ಲೆಕ್ಕ ಕೇಳುವವರಿಗೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ ಇದೆ: ಎಂಟು ಅಧ್ಯಯನ, 450 ರೋಗಿಗಳು. ಶ್ವಾಸಕೋಶದ ಭಾಗ ತೆಗೆಸಿಕೊಂಡು ವರ್ಷದೊಳಗೆ ವ್ಯಾಯಾಮ ತರಬೇತಿ ಪಡೆದವರು, ಪಡೆಯದವರಿಗಿಂತ ಆರು ನಿಮಿಷದಲ್ಲಿ ಸರಾಸರಿ 57 ಮೀಟರ್ ಹೆಚ್ಚು ನಡೆದರು. ತೊಡೆಯ ಬಲವೂ ಹೆಚ್ಚಿತು.

ನಮ್ಮ ಮನೆಗಳಲ್ಲಿ ಆಗುವುದೇನು? "ಏಳಬೇಡಿ, ಆಯಾಸ ಆಗುತ್ತೆ" ಎಂಬ ಉಪಚಾರ. ಉಸಿರೆಳೆದು ಚೆಂಡು ಏರಿಸುವ ವ್ಯಾಯಾಮದ ಸಾಧನ, ಮೂರು ಚೆಂಡಿನ ಸ್ಪೈರೋಮೀಟರ್, ವಾರದೊಳಗೆ ಅಟ್ಟ ಸೇರುತ್ತದೆ. ಡಿಸ್ಚಾರ್ಜ್ ದಿನ ಮಾತ್ರೆಯ ಚೀಟಿ ಜೋಪಾನವಾಗಿ ಇಟ್ಟುಕೊಳ್ಳುವವರು ಇನ್ನೊಂದು ಚೀಟಿಯನ್ನೂ ಕೇಳಿ ಪಡೆಯಿರಿ: ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಹೊತ್ತು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂದು ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ಚೀಟಿ.